ಐದು ಪರ್ಸೆಂಟ್ ಆಚೀಚೆ

ಪೆಟ್ಟಿಗೆಯ ಮೇಲೆ ಒಬ್ಬ ಹುಡುಗ, ಒಬ್ಬಳು ಹುಡುಗಿ. ಇಬ್ಬರ ಮೂಗಿನ ಮೇಲೂ ದೊಡ್ಡ ಪ್ಲಾಸ್ಟಿಕ್ ಕನ್ನಡಕ. ಮುಂದಿರುವ ಪುಟಾಣಿ ಕೀಬೋರ್ಡಿನಿಂದ ಬಣ್ಣಬಣ್ಣದ ಸ್ವರಗಳು ಎದ್ದು ಚಿಟ್ಟೆಗಳ ಹಾಗೆ ಹಾರಿ ಹೋಗುತ್ತಿವೆ. ಕೆಳಗೆ ದಪ್ಪಕ್ಷರದಲ್ಲಿ: ನಿಮ್ಮ ಪಿಯಾನೋ ನೀವೇ ಮಾಡಿ, 30 ನಿಮಿಷದಲ್ಲಿ, 8 ವರ್ಷ ಮೇಲ್ಪಟ್ಟವರಿಗೆ. ನನಗೀಗ ನಲವತ್ತೇಳು. ಎಂಟು ದಾಟಿ ಮೂವತ್ತೊಂಬತ್ತು ವರ್ಷವಾಗಿದೆ. ನನ್ನ ಅರ್ಹತೆಯ ಬಗ್ಗೆ ನನಗೆ ಅನುಮಾನವೇ ಬರಲಿಲ್ಲ.

ಬೆಲೆ 1,499 ರೂಪಾಯಿ. ಮಗಳಿಗೆ ಅಂತಲೇ ತರಿಸಿದ್ದು ಎಂದು ಮನೆಯಲ್ಲಿ ಹೇಳಿದೆ. ಪುಟ್ಟಿ ಐದನೇ ಕ್ಲಾಸು. ಸಂಜೆ ಪಕ್ಕದ ಬೀದಿಯ ಟೀಚರ್ ಹತ್ತಿರ ಸಂಗೀತಕ್ಕೆ ಹೋಗುತ್ತಾಳೆ. ಸಂಗೀತವೂ ಆಯಿತು, ವಿಜ್ಞಾನವೂ ಆಯಿತು, ಮೊಬೈಲ್ ಹಿಡಿದು ಕೂರುವುದೂ ತಪ್ಪಿತು ಎಂದು ಮೂರು ಕಾರಣ ಕೊಟ್ಟೆ. ನಮ್ಮ ಮನೆಯವರು ಮೂರನ್ನೂ ಕೇಳಿಸಿಕೊಂಡು, "ಅವಳಿಗೋ, ನಿನಗೋ?" ಎಂದರು. ಮದುವೆಯಾಗಿ ಹತ್ತೊಂಬತ್ತು ವರ್ಷವಾದರೆ ಇದೇ ತೊಂದರೆ.

ನಿಜ ಹೇಳಿಬಿಡುತ್ತೇನೆ. ನಾನು ಬಿ.ಎಸ್ಸಿ.ಯಲ್ಲಿ ಎಲೆಕ್ಟ್ರಾನಿಕ್ಸ್ ಓದಿದವಳು. ಫಿಸಿಕ್ಸ್, ಮ್ಯಾಥ್ಸ್, ಎಲೆಕ್ಟ್ರಾನಿಕ್ಸ್, ಅಂದರೆ ಪಿ.ಎಂ.ಇ. ಕಾಂಬಿನೇಷನ್. ಆಮೇಲೆ ಬ್ಯಾಂಕ್ ಪರೀಕ್ಷೆ ಬರೆದು ಪಾಸಾಗಿ, ಈ ಇಪ್ಪತ್ತು ಚಿಲ್ಲರೆ ವರ್ಷಗಳಲ್ಲಿ ನಾನು ಕೈಯಾರೆ ರಿಪೇರಿ ಮಾಡಿದ ಎಲೆಕ್ಟ್ರಾನಿಕ್ ವಸ್ತು ಎಂದರೆ ಟಿ.ವಿ. ರಿಮೋಟು. ಅದೂ ಅಂಗೈಗೆ ಎರಡು ಸಲ ಬಡಿದು. ಆದರೂ ಮನೆಯಲ್ಲಿ ಮಿಕ್ಸಿ ಕೆಟ್ಟರೆ ಅತ್ತೆ ನನ್ನ ಮುಖ ನೋಡುತ್ತಾರೆ. "ಎಲೆಕ್ಟ್ರಾನಿಕ್ಸೇ ಬೇರೆ, ಎಲೆಕ್ಟ್ರಿಕಲ್ಲೇ ಬೇರೆ ಅತ್ತೆ" ಎಂದು ಇಷ್ಟು ವರ್ಷ ತಪ್ಪಿಸಿಕೊಂಡು ಬಂದಿದ್ದೆ. ಈ ಪೆಟ್ಟಿಗೆ ಅಪ್ಪಟ ಎಲೆಕ್ಟ್ರಾನಿಕ್ಸು. ತಪ್ಪಿಸಿಕೊಳ್ಳುವ ಹಾಗಿರಲಿಲ್ಲ, ತಪ್ಪಿಸಿಕೊಳ್ಳಲು ಮನಸ್ಸೂ ಇರಲಿಲ್ಲ.

ಅದರಲ್ಲೂ ಒಳಗಿರುವುದು 555 ಎಂದು ತಿಳಿದಾಗ ಹಳೆಯ ಕಾಲೇಜು ಗೆಳತಿ ಬಸ್‌ಸ್ಟ್ಯಾಂಡಲ್ಲಿ ಸಿಕ್ಕಷ್ಟು ಖುಷಿಯಾಯಿತು. ಎಂಟು ಕಾಲಿನ ಕರೀ ಜೀರುಂಡೆಯಂಥ ಐ.ಸಿ., ಅಂದರೆ ಒಂದು ಪುಟ್ಟ ಚಿಪ್ಪು. ಹ್ಯಾನ್ಸ್ ಕ್ಯಾಮೆನ್‌ಜಿಂಡ್ ಎಂಬ ಸ್ವಿಸ್ ಮೂಲದ ಎಂಜಿನಿಯರು 1971ರಲ್ಲಿ ವಿನ್ಯಾಸ ಮಾಡಿದ್ದು, 1972ರಲ್ಲಿ ಮಾರುಕಟ್ಟೆಗೆ ಬಂದಿದ್ದು. ಅದೇ 1972ರಲ್ಲಿ ನಮ್ಮ ಗುಬ್ಬಿ ವೀರಣ್ಣನವರು ತೀರಿಕೊಂಡರು. ಇವೆರಡಕ್ಕೂ ಸಂಬಂಧ ಇಲ್ಲ ಅಂತಲೇ ನಾನೂ ಅಂದುಕೊಂಡಿದ್ದೆ. ಗುಬ್ಬಿ ಕಡೆಯವರಾದ ನಮ್ಮ ಅತ್ತೆ ಮಾತ್ರ, ಕಂಪನಿ ನಾಟಕದ ಹಾರ್ಮೋನಿಯಂ ಕೇಳಿ ಬೆಳೆದವರು, ಪೆಟ್ಟಿಗೆಯ ಸದ್ದು ಕೇಳಿದ ದಿನ, "ಅವ್ರು ಪುಣ್ಯವಂತ್ರು ಕಣೇ, ಇದನ್ನ ಕೇಳೋಕೆ ಇರ್ಲಿಲ್ಲ" ಎಂದು ಸಂಬಂಧ ಕಲ್ಪಿಸಿಬಿಟ್ಟರು.

ಕಾಲೇಜಿನ ಲ್ಯಾಬಿನಲ್ಲಿ 555 ಹಾಕಿ ಎಸ್ಟೇಬಲ್ ಮಲ್ಟಿವೈಬ್ರೇಟರ್ ಮಾಡುವ ಪ್ರಯೋಗ ಇತ್ತು. ತಾನಾಗಿ ಆನ್, ಆಫ್ ಆಗುತ್ತಲೇ ಇರುವ ಸರ್ಕ್ಯೂಟು ಅದು. ಕರೆಂಟಿನ ಏರಿಳಿತವನ್ನು ಗೆರೆಯಾಗಿ ತೋರಿಸುವ ಸಿ.ಆರ್.ಓ. ಪರದೆಯ ಮೇಲೆ ಹಸಿರು ಗೆರೆ ಮೇಲೇರುತ್ತದೆ, ಅಡ್ಡ ನಡೆಯುತ್ತದೆ, ಧೊಪ್ಪನೆ ಇಳಿಯುತ್ತದೆ. ಕೋಟೆಯ ಗೋಡೆಯ ಹಾಗೆ. ಅದನ್ನು ರೆಕಾರ್ಡ್ ಬುಕ್ಕಿನಲ್ಲಿ ಸ್ಕೇಲ್ ಇಟ್ಟು, ಪೆನ್ಸಿಲ್ ಚೂಪು ಮಾಡಿ ಮಾಡಿ ಬರೆದಿದ್ದೆ. ಹತ್ತಕ್ಕೆ ಹತ್ತು ಬಂದಿತ್ತು. ಲೆಕ್ಚರರ್ ನನ್ನ ಪುಸ್ತಕವನ್ನು ಇಡೀ ಬ್ಯಾಚಿಗೆ ಎತ್ತಿ ತೋರಿಸಿದ್ದರು. ಆ ಗೋಡೆ ಕಿವಿಗೆ ಹೇಗೆ ಕೇಳಿಸುತ್ತದೆ ಎಂದು ಆವತ್ತು ಯಾರೂ ಕೇಳಲಿಲ್ಲ. ನನಗೂ ಹೊಳೆಯಲಿಲ್ಲ.

ಭಾನುವಾರ ತಿಂಡಿ ಮುಗಿಸಿ ಪೆಟ್ಟಿಗೆ ಬಿಚ್ಚಿದೆವು. ಹೊರಗಿನ ಪೆಟ್ಟಿಗೆಯಲ್ಲಿ ಒಂದು ಒಳಪೆಟ್ಟಿಗೆ, ಅದರಲ್ಲಿ ಒಂದು ಟ್ರೇ, ಟ್ರೇಯಲ್ಲಿ ಒಂದು ಕವರು, ಕವರಿನಲ್ಲಿ ಒಂದು ಹಿಡಿ ಸಾಮಾನು. ಹುರಿಗಾಳಿನ ಪೊಟ್ಟಣ ಬಿಚ್ಚಿದ ಹಾಗಾಯಿತು. ಎಂಟು ಗುಂಡಿಗಳು, ಒಂದು ಪುಟ್ಟ ಸ್ಪೀಕರು, ಒಂದಷ್ಟು ವೈರು, ಕಾಗದದ ಪಟ್ಟಿಗೆ ಅಂಟಿಸಿದ, ಕರೆಂಟಿಗೆ ತಡೆ ಒಡ್ಡುವ ರೆಸಿಸ್ಟರುಗಳು, ಮತ್ತೆ ತೂತುಗಳ ಬಿಳಿ ಹಲಗೆ, ಬ್ರೆಡ್‌ಬೋರ್ಡು. ಅತ್ತೆ ಅದನ್ನು ಎತ್ತಿ ಬೆಳಕಿಗೆ ಹಿಡಿದು, "ಶ್ಯಾವಿಗೆ ಒತ್ತೋ ಬಿಲ್ಲೆ ಇದ್ದಂಗಿದೆ, ಆದ್ರೆ ತೂತು ಆಚೆ ಕಡೆ ಬಂದಿಲ್ವಲ್ಲೇ" ಎಂದರು. ಒಂಬತ್ತು ವೋಲ್ಟಿನ ಬ್ಯಾಟರಿ ಇರಲಿಲ್ಲ. ಬ್ಯಾಟರಿ ಬೇರೆ ಕೊಳ್ಳಬೇಕು ಎಂದು ಪೆಟ್ಟಿಗೆಯ ತಳಭಾಗದಲ್ಲಿ, ಸಾಸಿವೆ ಕಾಳಿನ ಗಾತ್ರದ ಅಕ್ಷರದಲ್ಲಿ ಬರೆದಿತ್ತು. ಪುಸ್ತಕದಲ್ಲಿ ಆರನೇ ಹೆಜ್ಜೆಯಾದ ಮೇಲೆ ಎಂಟನೇ ಹೆಜ್ಜೆ. ಏಳನೆಯದಕ್ಕೆ ವಿಡಿಯೋ ನೋಡಿ ಎಂದಿತ್ತು. ವಿಡಿಯೋದಲ್ಲಿದ್ದ ಹಲಗೆ ನೀಲಿ ಬಣ್ಣದ್ದು, ಗುಂಡಿಗಳು ಐದು. ಅದು ಬೇರೆ ಯಾರದೋ ಪಿಯಾನೋ.

ಮೊದಲ ಕೆಲಸ ರೆಸಿಸ್ಟರುಗಳನ್ನು ವಿಂಗಡಿಸುವುದು. ಅಕ್ಕಿಯಲ್ಲಿ ಕಲ್ಲು ಆರಿಸುವ ಕೈಗಳಿಗೆ ಇದೇನು ಮಹಾ ಅಂದುಕೊಂಡೆ. ಪ್ರತಿಯೊಂದರ ಮೈಮೇಲೂ ಬಣ್ಣದ ಪಟ್ಟಿಗಳಿರುತ್ತವೆ, ಪ್ರತಿ ಬಣ್ಣಕ್ಕೂ ಒಂದು ಅಂಕಿ. ಕಾಲೇಜಿನಲ್ಲಿ ಇಂಗ್ಲಿಷಿನ ಒಂದು ಸಾಲು ಉರುಹೊಡೆಸಿದ್ದರು, ಮರೆತುಹೋಗಿತ್ತು. ಪುಟ್ಟಿಗೆ ಕನ್ನಡದಲ್ಲೇ ಹೇಳಿಕೊಡೋಣ ಎಂದು ಬರೆದೆ: ಕಪ್ಪು ಸೊನ್ನೆ, ಕಂದು ಒಂದು, ಕೆಂಪು ಎರಡು, ಕಿತ್ತಳೆ ಮೂರು, ಹಳದಿ ನಾಲ್ಕು, ಹಸಿರು ಐದು, ನೀಲಿ ಆರು, ನೇರಳೆ ಏಳು, ಬೂದು ಎಂಟು, ಬಿಳಿ ಒಂಬತ್ತು. ಬರೆದ ಮೇಲೆ ನೋಡುತ್ತೇನೆ, ಮೊದಲ ಅಕ್ಷರಗಳು ತಾವಾಗಿ ಸಾಲುಗಟ್ಟಿ ನಿಂತಿವೆ. ಕಕಕಕ ಹಹ ನನ ಬಬ. ಏನು ಭಾಷೆ ನಮ್ಮದು, ಅಲ್ವಾ! ಪುಟ್ಟಿ ಅದನ್ನು ಜತಿ ಹೇಳುವ ಹಾಗೆ ತೊಡೆ ತಟ್ಟಿಕೊಂಡು ಹೇಳತೊಡಗಿದಳು. ಒಳಗಿನಿಂದ ನಮ್ಮ ಮನೆಯವರು ಬಿಕ್ಕಳಿಕೆ ಯಾರಿಗೆ ಎಂದು ನೀರು ತಂದರು.

ಸಾಲು ಚೆನ್ನಾಗಿತ್ತು. ಆದರೆ ಕಪ್ಪು, ಕಂದು, ಕೆಂಪು, ಕಿತ್ತಳೆ, ಈ ನಾಲ್ಕು ಕಕಾರಗಳೂ ನಮ್ಮ ಹಾಲಿನ ಎಲ್‌ಇಡಿ ಬಲ್ಬಿನ ಕೆಳಗೆ ಒಂದೇ ಬಣ್ಣ. ಅದು ಹುಣಸೆ ತೊಕ್ಕಿನ ಬಣ್ಣ. ನನ್ನ ಚಾಳೀಸು ಕನ್ನಡಕ ಹಾಕಿದರೆ ಪಟ್ಟಿ ಕಾಣುತ್ತಿತ್ತು, ಬಣ್ಣ ಕಾಣುತ್ತಿರಲಿಲ್ಲ. ತೆಗೆದರೆ ಬಣ್ಣ ಕಾಣುತ್ತಿತ್ತು, ರೆಸಿಸ್ಟರೇ ಕಾಣುತ್ತಿರಲಿಲ್ಲ. ಕೊನೆಗೆ ಎಲ್ಲವನ್ನೂ ಒಂದು ಸ್ಟೀಲ್ ತಟ್ಟೆಗೆ ಹಾಕಿಕೊಂಡು ತಾರಸಿಗೆ ಹೋಗಿ, ಸಂಡಿಗೆ ಕಾಯುವವಳ ಹಾಗೆ ಬಿಸಿಲಲ್ಲಿ ಕೂತು ಆರಿಸಿದೆ. ಅಲ್ಲಿಗೇ ಒಂದೂವರೆ ಗಂಟೆ. ಪೆಟ್ಟಿಗೆಯ ಮೂವತ್ತು ನಿಮಿಷ ಯಾವ ಊರಿನ ಗಡಿಯಾರದ್ದೋ.

"ಅಮ್ಮಾ, ನಾನೇನು ಮಾಡ್ಲಿ?" ಎಂದು ಪುಟ್ಟಿ ಆರೇಳು ಸಲ ಕೇಳಿದಳು. "ನೀನು ಸ್ಪೀಕರ್ ಹಿಡ್ಕೊ." "ಹಿಡ್ಕೊಂಡೆ. ಆಮೇಲೆ?" "ಗಟ್ಟಿಯಾಗಿ ಹಿಡ್ಕೊ." ಸ್ವಲ್ಪ ಹೊತ್ತಿಗೆ ಅವಳು ಸ್ಪೀಕರನ್ನು ಗೊಂಬೆಯ ಕೈಗೆ ಕೊಟ್ಟು ಆಡಲು ಹೋದಳು. ಮಕ್ಕಳ ಕಿಟ್ಟು ಎಂದರೆ ಹೀಗೇ. ಮಕ್ಕಳು ಎದ್ದು ಹೋದ ಮೇಲೆಯೇ ಕೆಲಸ ಸಾಗುವುದು.

ಸಂಜೆ ಬ್ಯಾಟರಿ ತಂದು ಸಿಕ್ಕಿಸಿದೆ. ಸದ್ದಿಲ್ಲ. ಐ.ಸಿ. ಮೇಲೆ ಬೆರಳಿಟ್ಟೆ, ಚುರ್ ಎಂದಿತು. ತಲೆಯ ಕಡೆ ಒಂದು ಸಣ್ಣ ಕಚ್ಚು ಇರುತ್ತದೆ, ಅದು ಎಡಕ್ಕೆ ಬರಬೇಕು. ನಾನು ಬಲಕ್ಕೆ ಇಟ್ಟಿದ್ದೆ. ಹತ್ತಕ್ಕೆ ಹತ್ತು ತೆಗೆದವಳು! ಮನೆಯಲ್ಲಿ ಯಾರಿಗೂ ಹೇಳದೆ ಮಾರನೇ ದಿನ ಬ್ಯಾಂಕಿನಿಂದ ಬರುವಾಗ ಮಂಡಿಪೇಟೆಗೆ ಹೋಗಿ, ಒಂದು ಹಳೇ ರೇಡಿಯೋ ರಿಪೇರಿ ಅಂಗಡಿ ಹುಡುಕಿದೆ. ಅಂಗಡಿಯವರು ಡಬ್ಬಿಯೊಂದರಿಂದ 555 ತೆಗೆದು ಕೊಟ್ಟರು. "ಎಷ್ಟು?" "ಹತ್ತು ರೂಪಾಯಿ ಕೊಡಿ ಮೇಡಂ." ಸುಮ್ನೆ ಬರಬೇಕಿತ್ತು. ಬಾಯಿ ತಡೆಯಲಾರದೆ ಕಿಟ್ಟಿನ ಸಾಮಾನೆಲ್ಲ ಹೇಳಿ, ಬಿಡಿಯಾಗಿ ಎಷ್ಟಾಗುತ್ತೆ ಎಂದು ಕೇಳಿದೆ. ಅವರು ಬೆರಳು ಮಡಚಿ ಲೆಕ್ಕ ಹಾಕಿ, "ಇನ್ನೂರು. ಇನ್ನೂರೈವತ್ತು ಅಂದ್ಕೊಳ್ಳಿ. ನೀವು ಎಷ್ಟು ಕೊಟ್ರಿ?" ಎಂದರು. ನಾನೂರು ಎಂದೆ. ಅವರು ಅಷ್ಟಕ್ಕೇ ಹಣೆ ಚಚ್ಚಿಕೊಂಡರು. ನಿಜ ಹೇಳಿದ್ದರೆ ಏನಾಗುತ್ತಿತ್ತೋ.

ಮಂಗಳವಾರ ರಾತ್ರಿ ಎಂಟೂಕಾಲಕ್ಕೆ ಪಿಯಾನೋ ಮಾತಾಡಿತು.

ಆ ಸದ್ದನ್ನು ಹೇಗೆ ಹೇಳಲಿ? ಸೊಳ್ಳೆಯೊಂದು ಸರ್ಕಾರಿ ಕೆಲಸಕ್ಕೆ ಸೇರಿ ಮೈಕ್ ಮುಂದೆ ನಿಂತರೆ ಹೇಗಿರುತ್ತದೋ ಹಾಗಿತ್ತು. ಏರು ಇಲ್ಲ, ಇಳಿತ ಇಲ್ಲ. ವೀಣೆಯ ತಂತಿ ಮೀಟಿದರೆ ಸ್ವರ ಹುಟ್ಟುತ್ತದೆ, ಅರಳುತ್ತದೆ, ನಿಧಾನಕ್ಕೆ ಆರುತ್ತದೆ. ಇದಕ್ಕೆ ಆ ವ್ಯವಹಾರವೇ ಇಲ್ಲ. ಗುಂಡಿ ಒತ್ತಿದರೆ ಗೋಡೆ ಎದ್ದಿತು, ಬಿಟ್ಟರೆ ಗೋಡೆ ಬಿದ್ದಿತು. ಇಪ್ಪತ್ತಾರು ವರ್ಷದ ಹಿಂದೆ ಸ್ಕೇಲ್ ಇಟ್ಟು ಬರೆದಿದ್ದೆನಲ್ಲ, ಅದೇ ಗೋಡೆ. ಕಿವಿಯಿಂದ ಕೇಳಿದ್ದು ಇದೇ ಮೊದಲು. ಆವತ್ತೇ ಕೇಳಿಸಿದ್ದರೆ ಬಾಟನಿ ತೆಗೆದುಕೊಳ್ಳುತ್ತಿದ್ದೆ.

ವಾಲ್ಯೂಮ್ ಕಮ್ಮಿ ಮಾಡುವ ಗುಂಡಿ ಕಿಟ್ಟಿನಲ್ಲಿ ಇರಲಿಲ್ಲ. ನಮ್ಮ ಮನೆಯವರು ಕೈಲಿದ್ದ ಚಪಾತಿ ಬಿಟ್ಟು ಎದ್ದು, "ಯಾರೋ ಗೂಡ್ಸ್ ಆಟೋ ರಿವರ್ಸ್ ತಗೋತಿದಾರೆ, ಸ್ಕೂಟರ್ ಒಳಗೆ ಹಾಕ್ಬಿಡ್ತೀನಿ" ಎಂದು ಹೊರಗೆ ಹೋದರು. ಅವರು ಬೇಕಂತಲೇ ಮಾಡಿದರು ಎಂದು ಈಗಲೂ ನನ್ನ ಗುಮಾನಿ. ಆದರೆ ಎದುರು ಮನೆಯ ಅಜ್ಜಿ ಬಂದದ್ದು ಮಾತ್ರ ನಿಜವಾದ ಕಾಳಜಿಯಿಂದ. ಗೇಟಿನ ಹತ್ತಿರ ನಿಂತು, "ಏನಮ್ಮಾ, ನಿಮ್ಮನೆ ಯುಪಿಎಸ್ಸು ಕೂಗ್ಕೊಳ್ತಾ ಇದೆ. ಬ್ಯಾಟರಿಗೆ ನೀರು ಹಾಕಿ ಎಷ್ಟು ದಿನ ಆಯ್ತು?" ಎಂದು ಕೇಳಿದರು. ಪಿಯಾನೋ ಎಂದೆ. ಅವರು ಕಿವಿ ಮುಂದೆ ಮಾಡಿ, "ಏನು ಯಾನ?" ಎಂದರು. ನಮ್ಮೂರಿನ ಹೆಸರಿಗೆ ಎರಡು ಕತೆ ಹೇಳುತ್ತಾರೆ: ತುಂಬೆ ಹೂವು ಜಾಸ್ತಿ ಇದ್ದದ್ದಕ್ಕೆ ತುಮಕೂರು ಅಂತ ಒಂದು, ತಮಟೆಯಿಂದ ಬಂದದ್ದು ಅಂತ ಇನ್ನೊಂದು. ತಮಟೆ ಊರಿನವರು ಸದ್ದಿಗೆ ಹೆದರುವವರಲ್ಲ. ಆದರೂ ಆವತ್ತು ಆ ಬೀದಿಯಲ್ಲಿ ಎರಡು ಕಿಟಕಿ ಮುಚ್ಚಿದ್ದನ್ನು ನಾನೇ ನೋಡಿದೆ.

ಸದ್ದು ಹಾಗಿರಲಿ, ಸ್ವರವಾದರೂ ಸರಿ ಇದೆಯೇ? ಪುಟ್ಟಿ ಎಂಟು ಗುಂಡಿಯನ್ನೂ ಸಾಲಾಗಿ ಒತ್ತಿ, ಮುಖ ಹುಳ್ಳಗೆ ಮಾಡಿದಳು. "ಅಮ್ಮಾ, ರಿ ತಪ್ಪು." ನಾನು ಮೊಬೈಲಿನಲ್ಲಿ ಶ್ರುತಿ ನೋಡುವ ಆ್ಯಪ್ ಹಾಕಿಕೊಂಡೆ. ಸ್ವರ ಸರಿ ಇದ್ದರೆ ಮುಳ್ಳು ನಡುವೆ ನಿಂತು ಹಸಿರಾಗುತ್ತದೆ. ಸ ಒತ್ತಿದೆ, 262 ಹರ್ಟ್ಸ್, ಮುಳ್ಳು ನಡುವೆ. ಹಿಗ್ಗಿದೆ. ಆ ಒಂದು ಹಿಗ್ಗೇ ಕೊನೆ. ರಿ ಒತ್ತಿದರೆ ಮುಳ್ಳು ಎಡಕ್ಕೆ ಹೊರಳಿ ಕೆಂಪಾಯಿತು. ಗ ಸ್ವಲ್ಪ ಎಡ. ನಿ ಪೂರ್ತಿ ಎಡ. ಮೇಲಿನ ಸ ಬಲ. ಪಾಪ ಮುಳ್ಳು, ಕುಡಿದವನ ಹಾಗೆ ಓಲಾಡಿತು.

ಇಲ್ಲಿ ನನ್ನ ಬಿ.ಎಸ್ಸಿ. ಎಚ್ಚರವಾಯಿತು. ಇಲ್ಲಿ ಯಾವ ಸ್ವರ ಎಂದು ನಿರ್ಧರಿಸುವುದು ರೆಸಿಸ್ಟರು, ಅದರ ಓಮ್ ಹೆಚ್ಚಿದರೆ ಸ್ವರ ತಗ್ಗುತ್ತದೆ. ಈ ರೆಸಿಸ್ಟರಿನ ಕೊನೆಯ ಪಟ್ಟಿ ಚಿನ್ನದ ಬಣ್ಣದ್ದು. ಚಿನ್ನ ಎಂದರೆ ಐದು ಪರ್ಸೆಂಟ್ ಆಚೀಚೆ ಆಗಬಹುದು ಎಂದರ್ಥ. 24 ಸಾವಿರ ಓಮ್ ಎಂದು ಬರೆದ ರೆಸಿಸ್ಟರು 25.2 ಸಾವಿರ ಇದ್ದರೂ ಅದು ಮರ್ಯಾದಸ್ಥ ರೆಸಿಸ್ಟರೇ. ಬಲ್ಬು ಉರಿಸಲು ಇದೆಲ್ಲ ಲೆಕ್ಕಕ್ಕಿಲ್ಲ. ಆದರೆ ಸಂಗೀತದಲ್ಲಿ ಒಂದು ಸ್ವರಸ್ಥಾನದಿಂದ ಪಕ್ಕದ ಸ್ವರಸ್ಥಾನಕ್ಕೆ ಇರುವ ದೂರವೇ ಹೆಚ್ಚುಕಡಿಮೆ ಆರು ಪರ್ಸೆಂಟ್! ಐದು ಪರ್ಸೆಂಟ್ ಜಾರಿದರೆ ಪಕ್ಕದ ಮನೆಯ ಹೊಸ್ತಿಲಿಗೇ ಹೋಗಿ ನಿಂತ ಹಾಗೆ. ಮೀಟರ್ ಇಟ್ಟು ನೋಡಿದೆ. ರಿಷಭದ ರೆಸಿಸ್ಟರು 25.1 ಸಾವಿರ ತೋರಿಸಿತು. ಕಾನೂನಿನ ಪ್ರಕಾರ ತಪ್ಪಿಲ್ಲ, ಶ್ರುತಿಯ ಪ್ರಕಾರ ಅಪರಾಧ.

ನಿಷಾದದ ಕತೆ ಇನ್ನೂ ಚೆನ್ನ. ಈ ಲೆಕ್ಕದಲ್ಲಿ ಅದಕ್ಕೆ 14 ಸಾವಿರದ ಹತ್ತಿರ ಬೇಕು. ರೆಸಿಸ್ಟರುಗಳು ಚಪ್ಪಲಿಯ ಹಾಗೆ ಕೆಲವು ಸೈಜುಗಳಲ್ಲಿ ಮಾತ್ರ ಬರುತ್ತವೆ. ಈ ಐದು ಪರ್ಸೆಂಟಿನ ಜಾತಿಯಲ್ಲಿ 13 ಇದೆ, 15 ಇದೆ, ನಡುವೆ ಇಲ್ಲ. ಕಿಟ್ಟು ಮಾಡಿದ ಪುಣ್ಯಾತ್ಮರು 15 ಹಾಕಿ ಕೈ ತೊಳೆದುಕೊಂಡಿದ್ದಾರೆ. ಹಾಗಾಗಿ ನಿ ಹುಟ್ಟುವಾಗಲೇ ಒಂದು ಮೆಟ್ಟಿಲು ಕೆಳಗೆ. ಅದು ಪುಟ್ಟಿಯ ತಪ್ಪಲ್ಲ, ನನ್ನದಲ್ಲ, ಎಂಟು ಕಾಲಿನ ಜೀರುಂಡೆಯದೂ ಅಲ್ಲ. ಪೆಟ್ಟಿಗೆಯ ಮೇಲಿನ ಚಿಟ್ಟೆಗಳಿಗೆ ಇದು ಗೊತ್ತಿತ್ತೋ ಇಲ್ಲವೋ.

ಇಷ್ಟಾದರೂ ಪುಟ್ಟಿ ಅದನ್ನು ಸಂಗೀತದ ಕ್ಲಾಸಿಗೆ ಹೊತ್ತುಕೊಂಡು ಹೋದಳು. ಬೇಡ ಎಂದರೂ ಕೇಳಲಿಲ್ಲ. ಅವಳನ್ನು ಕರೆತರಲು ಹೋದಾಗ ಟೀಚರ್ ಅದರ ಮುಂದೆ ತಲೆ ಒಂದು ಕಡೆ ವಾಲಿಸಿ ಕೂತಿದ್ದರು. ಪಕ್ಕದಲ್ಲಿ ಅವರ ಎಲೆಕ್ಟ್ರಾನಿಕ್ ತಂಬೂರಿ ತನ್ನ ಪಾಡಿಗೆ ತಾನು ಸಪಸಸ ಎನ್ನುತ್ತಿತ್ತು. ಅದೂ ಎಲೆಕ್ಟ್ರಾನಿಕ್ಸೇ. ಬೆಂಗಳೂರಿನ ಜಿ. ರಾಜ್‌ನಾರಾಯಣ್ ಅವರು 1979ರಲ್ಲೇ ಅಂಥದ್ದನ್ನು ಮಾಡಿ ತೋರಿಸಿದ್ದರು. ಅದರ ಪಕ್ಕದಲ್ಲಿ ನಮ್ಮ ಪಿಯಾನೋ, ಜರಿ ಸೀರೆಯವರ ಮದುವೆ ಮನೆಗೆ ನೈಟಿಯಲ್ಲಿ ಬಂದವಳ ಹಾಗಿತ್ತು.

"ಸರಳೆ ವರಸೆ ಮಾಯಾಮಾಳವಗೌಳದಲ್ಲಿ ಅಲ್ವಾ ಹೇಳ್ಕೊಡೋದು," ಎಂದರು ಟೀಚರ್. "ಇದು ಶಂಕರಾಭರಣದ ಸ್ವರ ಅಂತ ಪುಸ್ತಕದ ಚಿತ್ರ ನೋಡಿದ್ರೆ ಅನ್ಸುತ್ತೆ. ಆದ್ರೆ ಬರ್ತಿರೋದು ಅದೂ ಅಲ್ಲ, ಇದೂ ಅಲ್ಲ." ಮತ್ತೆ ಒಂದು ಸಲ ಮೇಲೆ ಹೋಗಿ ಕೆಳಗೆ ಬಂದರು. ಅವರ ಮುಖ ಅರಳಿತು. "ರೀ, ಇದು ಚಕ್ರವಾಕ ಕಣ್ರೀ!"

ನಾನು ಕೂತು ಲೆಕ್ಕ ಹಾಕಿದೆ. ಹೌದು. ಐದು ಪರ್ಸೆಂಟ್ ಜಾರಿದ ರಿಷಭ ಒಂದು ಮೆಟ್ಟಿಲು ಕೆಳಗಿನ ಶುದ್ಧ ರಿಷಭವಾಗಿದೆ. ಸೈಜು ಸಿಗದ ನಿಷಾದವೂ ಹಾಗೇ ಕೆಳಗಿನ ಕೈಶಿಕಿ ನಿಷಾದವಾಗಿದೆ. ಮೂಲ ರಾಗಗಳ ಪಟ್ಟಿಯಲ್ಲಿ ಮಾಯಾಮಾಳವಗೌಳ 15ನೇ ಮೇಳ, ಚಕ್ರವಾಕ 16ನೇದು. ಕ್ಯಾತ್ಸಂದ್ರಕ್ಕೆ ಟಿಕೆಟ್ ತೆಗೆದುಕೊಂಡು ನಿದ್ದೆ ಹೋಗಿ ಡಾಬಸ್‌ಪೇಟೆಯಲ್ಲಿ ಇಳಿದ ಹಾಗೆ. ಪುಟ್ಟಿ ಇನ್ನೂ ಜಂಟಿ ವರಸೆಗೂ ಬಂದಿಲ್ಲ, ಆಗಲೇ ಅವಳ ಪಿಯಾನೋ ಚಕ್ರವಾಕ ಹಿಡಿದಿದೆ. "ಬೇರೆ ಏನೂ ನುಡಿಸೋಕ್ಕಾಗಲ್ಲ ಬಿಡಿ," ಎಂದು ಟೀಚರ್ ಸಮಾಧಾನ ಹೇಳಿದರು.

ಕಂಪನಿಗೆ ಫೋನ್ ಮಾಡಿದೆ. ಒಂದನ್ನು ಒತ್ತಿ, ಎರಡನ್ನು ಒತ್ತಿ, ಕಾಯಿರಿ ಎಂದು ಹೇಳಿ ಹಾಡು ಹಾಕಿದರು. ಆ ಹಾಡು ಶ್ರುತಿಯಲ್ಲಿತ್ತು. ಹನ್ನೊಂದು ನಿಮಿಷದ ಮೇಲೆ ಒಬ್ಬ ಹುಡುಗ ಬಂದ. ರಿಷಭ ತಗ್ಗಿದೆ, ನಿಷಾದಕ್ಕೆ ಸೈಜಿಲ್ಲ ಎಂದೆ. ಆತ ಬಹಳ ವಿನಯದಿಂದ, "ಮೇಡಂ, ಸೌಂಡ್ ಬರ್ತಿದ್ಯಾ?" ಎಂದ. ಬರ್ತಿದೆ ಎಂದೆ. "ಹಾಗಿದ್ರೆ ಪ್ರಾಡಕ್ಟ್ ವರ್ಕಿಂಗ್ ಮೇಡಂ." ತೆರೆದ ಪೆಟ್ಟಿಗೆ ವಾಪಸ್ ಇಲ್ಲ. ಆಮೇಲೆ ಐದಕ್ಕೆ ಎಷ್ಟು ನಕ್ಷತ್ರ ಕೊಡುತ್ತೀರಿ ಎಂದು ಮೆಸೇಜ್ ಬಂತು. ಐದು ಪರ್ಸೆಂಟ್ ಕೊಡುವ ಅವಕಾಶ ಇರಲಿಲ್ಲ.

ಶನಿವಾರ ನಮ್ಮಪ್ಪ ಬಂದರು. ಅಪ್ಪ ಇಲ್ಲಿನ ಎಚ್‌ಎಂಟಿ ವಾಚ್ ಕಾರ್ಖಾನೆಯಲ್ಲಿ ಇಪ್ಪತ್ತಾರು ವರ್ಷ ಇದ್ದವರು. ಕಾರ್ಖಾನೆ ಮುಚ್ಚಿ, ಆ ಜಾಗ ಈಗ ಇಸ್ರೋಗೆ ಹೋಗಿದೆ. ಅಪ್ಪನ ಚಿಮುಟ, ಕಣ್ಣಿಗೆ ಸಿಕ್ಕಿಸುವ ಭೂತಗನ್ನಡಿ ಮಾತ್ರ ಯಾರಿಗೂ ಹೋಗಿಲ್ಲ. ಬರುವಾಗ ಜೇಬಿನಲ್ಲೇ ಇತ್ತು. ಗಾಜನ್ನು ಕಣ್ಣಿಗೆ ಸಿಕ್ಕಿಸಿಕೊಂಡು ಹಲಗೆಯನ್ನು ಈ ಕಡೆಯಿಂದ ಆ ಕಡೆಗೆ ನೋಡಿದರು. ಆಮೇಲೆ ಚಿನ್ನದ ಪಟ್ಟಿಯ ಅರ್ಥ ಕೇಳಿದರು. ಹೇಳಿದೆ.

"ಐದು ಪರ್ಸೆಂಟಾ?" ಗಾಜು ಕಣ್ಣಿಂದ ಜಾರಿ ಅಂಗೈಗೆ ಬಿತ್ತು. "ಐದು ಪರ್ಸೆಂಟ್ ಅಂದ್ರೆ ಏನು ಗೊತ್ತೇನಮ್ಮ? ದಿನಕ್ಕೆ ಎಪ್ಪತ್ತೆರಡು ನಿಮಿಷ! ಅಂಥ ವಾಚ್ ಮಾಡಿ ಕಳಿಸಿದ್ರೆ ಜನ ನಮ್ಮನ್ನ ಬಿ.ಎಚ್. ರೋಡ್ ಉದ್ದಕ್ಕೂ ಅಟ್ಟಿಸ್ಕೊಂಡು ಬರ್ತಿದ್ರು." ಆಮೇಲೆ ಕ್ವಾರ್ಟ್ಜ್ ಹರಳು ಸೆಕೆಂಡಿಗೆ 32,768 ಸಲ ನಡುಗುತ್ತದೆ, ಒಂದು ಸಲವೂ ಸುಮ್ನೆ ನಡುಗುವುದಿಲ್ಲ, ಅದನ್ನು ಹದಿನೈದು ಸಲ ಅರ್ಧ ಮಾಡಿದರೆ ಸರಿಯಾಗಿ ಒಂದು ಸೆಕೆಂಡು ಎಂದು ಮೊಮ್ಮಗಳಿಗೆ ವಿವರಿಸಿದರು. ಪುಟ್ಟಿ ಪಾಟಿ ಹಿಡಿದು ಹದಿನೈದು ಸಲ ಅರ್ಧ ಮಾಡಿಯೇ ಬಿಟ್ಟಳು. ಒಂದು ಬಂತು. 1,499 ರೂಪಾಯಿಯಲ್ಲಿ ಅವಳು ಕಲಿತದ್ದು ಇದೊಂದನ್ನೇ. ಅದೂ ಕಿಟ್ಟಿನಲ್ಲಿ ಇರಲಿಲ್ಲ.

ಅಪ್ಪನ ಜೊತೆ ಮತ್ತೆ ಮಂಡಿಪೇಟೆಗೆ ಹೋದೆ. ಅಂಗಡಿಯವರು ವಿಷಯ ಕೇಳಿ, "ಪ್ರೀಸೆಟ್ ಹಾಕ್ಬಿಡಿ, ತಿರುಪು ತಿರುಗಿಸ್ಕೊಂಡು ಎಲ್ಲಿಗೆ ಬೇಕೋ ಅಲ್ಲಿಗೆ ತಂದ್ಕೋಬಹುದು" ಎಂದರು. ಎಂಟು ಪ್ರೀಸೆಟ್ ತಂದೆವು. ಪುಟ್ಟಿ ಹೊಸದೊಂದು ಆಟ ಕಂಡುಹಿಡಿದಿದ್ದಳು ಅಷ್ಟರಲ್ಲಿ. ಸ ಮತ್ತು ಪ ಒಟ್ಟಿಗೆ ಒತ್ತಿದರೆ ಎರಡೂ ಕೇಳಿಸುವುದಿಲ್ಲ, ಇನ್ಯಾವುದೋ ಮೂರನೆಯದು ಕೇಳಿಸುತ್ತದೆ. ಸಮ್ಮಿಶ್ರ ಸರ್ಕಾರ ಎಂದು ನಮ್ಮ ಮನೆಯವರು ತೀರ್ಪು ಕೊಟ್ಟರು. "ಅಲ್ಲ, ಅದು ಮೇಲಿನ ಗ," ಎಂದಳು ಪುಟ್ಟಿ. ನಾನು ನಂಬಲಿಲ್ಲ. ಆಮೇಲೆ ಲೆಕ್ಕ ಹಾಕಿದರೆ, ಎರಡು ರೆಸಿಸ್ಟರು ಪಕ್ಕಪಕ್ಕ ಸೇರಿದಾಗ ಎರಡು ಸ್ವರಗಳ ಕಂಪನ ಹೆಚ್ಚುಕಡಿಮೆ ಕೂಡಿಕೊಳ್ಳುತ್ತದೆ. ಸ ಒಂದು, ಪ ಒಂದೂವರೆ, ಒಟ್ಟು ಎರಡೂವರೆ. ಎರಡೂವರೆ ಎಂದರೆ ಮೇಲಿನ ಗಾಂಧಾರ! ತಂಬೂರಿ ಮೀಟಿದರೆ ಯಾರೂ ಮೀಟದ ಗಾಂಧಾರ ತಾನಾಗಿ ಕೇಳಿಸುತ್ತದೆ, ಅದಕ್ಕೆ ಸ್ವಯಂಭೂ ಗಾಂಧಾರ ಎನ್ನುತ್ತಾರೆ. ಕಾರಣ ಬೇರೆ, ಅಲ್ಲಿಯದು ತಂತಿಯ ಮಹಿಮೆ, ಇಲ್ಲಿಯದು ವೈರಿಂಗಿನ ಮಹಿಮೆ. ಆದರೂ ಐದು ನಿಮಿಷ ನಾನು ಪೆಟ್ಟಿಗೆಯ ಮೇಲಿನ ಸಿಟ್ಟು ಮರೆತು ಕೂತಿದ್ದೆ. ಆ ಐದು ನಿಮಿಷಕ್ಕೆ ಮುನ್ನೂರು ರೂಪಾಯಿ ವಜಾ ಮಾಡಲು ನಾನು ತಯಾರು.

ಅಪ್ಪ ವಾಚಿನ ಸ್ಕ್ರೂಡ್ರೈವರ್ ಹಿಡಿದು ಕೂತರು. ಪುಟ್ಟಿ ಮೊಬೈಲ್ ಹಿಡಿದು, "ತಾತ, ಎಡಕ್ಕೆ... ಇನ್ನೂ ಸ್ವಲ್ಪ... ಜಾಸ್ತಿ ಆಯ್ತು" ಎನ್ನುತ್ತಿದ್ದಳು. ಮೂರು ಗಂಟೆ. ಮಧ್ಯೆ ಒಮ್ಮೆ ಕಾಫಿ, ಒಮ್ಮೆ ಖಾರಾಪುರಿ. ರಾತ್ರಿ ಊಟದ ಹೊತ್ತಿಗೆ ಎಂಟೂ ಸ್ವರ ಮುಳ್ಳಿನ ನಡುವೆ ನಿಂತವು. ಎಲ್ಲರನ್ನೂ ಕರೆದು ಕೂರಿಸಿದೆವು. ಪುಟ್ಟಿ ಒಂದೊಂದಾಗಿ ಒತ್ತಿದಳು. ಸರಿಗಮಪದನಿಸ. ಒಂದು ಕೂದಲೆಳೆ ಆಚೀಚೆ ಇಲ್ಲ.

ಅತ್ತೆ ಸ್ವಲ್ಪ ಹೊತ್ತು ಸುಮ್ಮನಿದ್ದು, "ಮೊದ್ಲು ತಪ್ಪಾಗಿ ಕೂಗ್ತಿತ್ತು. ಈಗ ಸರಿಯಾಗಿ ಕೂಗ್ತಿದೆ," ಎಂದರು.

ಅದಕ್ಕಿಂತ ಸರಿಯಾದ ವಿಮರ್ಶೆ ಇಲ್ಲ. ಅಪ್ಪ ಚಿಮುಟ ಜೇಬಿಗೆ ಹಾಕಿಕೊಂಡರು.

ಕಿಟ್ಟಿನಲ್ಲಿ ಇನ್ನೊಂದು ಸಾಮಾನು ಉಳಿದಿತ್ತು, ಬಹುಮಾನ ಎಂದು ಕೊಟ್ಟದ್ದು. ಮೂರೇ ಕಾಲಿನ ಪುಟ್ಟ ಚಿಪ್ಪು, ಒಳಗೆ ಒಂದು ಹಾಡು ತುಂಬಿರುತ್ತದೆ. ಹಿಂದೆಲ್ಲ ಕರೆಗಂಟೆಗೆ, ತೆರೆದರೆ ಹಾಡುವ ಗ್ರೀಟಿಂಗ್ ಕಾರ್ಡಿಗೆ ಹಾಕುತ್ತಿದ್ದರಲ್ಲ, ಅಂಥದ್ದು. ಅದಕ್ಕೆ ಮೂರು ವೋಲ್ಟ್ ಸಾಕು. ನಾನು ಎದುರಿಗಿದ್ದ ಒಂಬತ್ತು ವೋಲ್ಟಿನದೇ ಕೊಟ್ಟೆ. ಅರ್ಧ ಸಾಲು ಹಾಡಿ ಸುಮ್ಮನಾಯಿತು. ಇಡೀ ಪೆಟ್ಟಿಗೆಯಲ್ಲಿ ಶ್ರುತಿಬದ್ಧವಾಗಿ, ಇಂಪಾಗಿ ಹಾಡಿದ್ದು ಆ ಅರ್ಧ ಸಾಲು ಒಂದೇ. ಅದನ್ನು ಕೊಂದ ಕೈ ನನ್ನದು. ಇದನ್ನು ಅಪ್ಪನಿಗೆ ಹೇಳಿಲ್ಲ.

ಆಮೇಲಿನ ಒಂದು ವಾರ ಪುಟ್ಟಿ ಎಬ್ಬಿಸಿದ ಗದ್ದಲ ಅಷ್ಟಿಷ್ಟಲ್ಲ. ಬೆಳಿಗ್ಗೆ ಆರಕ್ಕೆ ಒಂದು ಸಲ, ಸ್ಕೂಲಿಂದ ಬಂದು ಒಂದು ಸಲ, ಮಲಗುವ ಮುಂಚೆ ಮುಸುಕಿನೊಳಗೆ ಒಂದು ಸಲ. ನಾವು ಬೈದೆವು, ಬೇಡಿಕೊಂಡೆವು, ಕೊನೆಗೆ ನಮ್ಮ ಕಿವಿಗಳೇ ಬುದ್ಧಿ ಕಲಿತು ಆ ಸದ್ದನ್ನು ಕೇಳಿಸಿಕೊಳ್ಳುವುದನ್ನು ನಿಲ್ಲಿಸಿದವು.

ಮೊನ್ನೆ ರಾತ್ರಿ ಜೋರು ಮಳೆ. ಯಾವಾಗಲೋ ಕರೆಂಟ್ ಹೋಗಿದೆ, ನಮಗೆ ಗೊತ್ತಿಲ್ಲ. ಎರಡು ಗಂಟೆ ಹೊತ್ತಿಗೆ ಕೀಂ, ಕೀಂ, ಕೀಂ ಶುರುವಾಯಿತು. ನಮ್ಮ ಮನೆಯವರು ಮಗ್ಗಲು ಬದಲಿಸಿದರು. ಒಳಕೋಣೆಯಿಂದ ಅತ್ತೆ, "ಮಲ್ಕೊಳ್ಳೇ ಪುಟ್ಟಿ, ನಾಳೆ ಬಾರ್ಸು" ಎಂದು ಕೂಗಿದರು. ನಾನು ದಿಂಬನ್ನು ಕಿವಿಗೆ ಒತ್ತಿಕೊಂಡೆ. ಕೀಂ ನಿಲ್ಲಲಿಲ್ಲ. ಕೊನೆಗೆ ಎದ್ದು, ಕತ್ತಲಲ್ಲಿ ತಡಕಾಡಿ, ಬ್ರೆಡ್‌ಬೋರ್ಡು ಹುಡುಕಿ, ಬ್ಯಾಟರಿ ಕಿತ್ತುಬಿಡೋಣ ಎಂದು ಕೈ ಹಾಕಿದರೆ, ಬ್ಯಾಟರಿ ಆಗಲೇ ಕಿತ್ತಿತ್ತು. ಪುಟ್ಟಿ ಸಂಜೆಯೇ ಅದನ್ನು ತೆಗೆದು ಗೊಂಬೆಯ ಟಾರ್ಚಿಗೆ ಹಾಕಲು ನೋಡಿದ್ದಳಂತೆ.

ಹಾಗಾದರೆ ಕೂಗುತ್ತಿರುವುದು ಯಾರು?

ಮೊಬೈಲ್ ಬೆಳಕಿನಲ್ಲಿ ಮೆಟ್ಟಿಲ ಕೆಳಗೆ ಹೋಗಿ ನೋಡಿದರೆ, ಯುಪಿಎಸ್ಸು. ಕೆಂಪು ದೀಪ ಮಿಟುಕಿಸಿಕೊಂಡು, ಗಂಟಲು ಹರಿದುಕೊಂಡು, ಅದೆಷ್ಟು ಹೊತ್ತಿನಿಂದಲೋ. ಬ್ಯಾಟರಿಯ ನೀರಿನ ಮುಳ್ಳು ತಳ ಕಂಡಿತ್ತು. ಫ್ರಿಜ್ಜು ಬೆವರುತ್ತಿತ್ತು. ಎದುರು ಮನೆಯ ಅಜ್ಜಿಯ ಕಿಟಕಿ ಮುಚ್ಚಿಯೇ ಇತ್ತು. ಅವರಿಗೂ ಪಿಯಾನೋ ಅಭ್ಯಾಸವಾಗಿಬಿಟ್ಟಿತ್ತು.

ನನ್ನ ಹಿಂದೆಯೇ ಎದ್ದು ಬಂದ ಪುಟ್ಟಿ ಕಣ್ಣುಜ್ಜಿಕೊಂಡು ಸ್ವಲ್ಪ ಹೊತ್ತು ಕೇಳಿದಳು. ಆಮೇಲೆ ನನ್ನ ಕೈಯಿಂದ ಮೊಬೈಲ್ ಕಿತ್ತುಕೊಂಡು ಆ್ಯಪ್ ತೆರೆದು ಯುಪಿಎಸ್ ಕಡೆಗೆ ಹಿಡಿದಳು.

"ಅಮ್ಮಾ, ನೋಡಿಲ್ಲಿ," ಎಂದಳು. ಮುಳ್ಳು ನಟ್ಟನಡುವೆ ನಿಂತು ಹಸಿರಾಗಿತ್ತು.